ಆಲೂರಿನ ಆನೆ, ಅಮೆರಿಕದ ತೋಳ

ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆ ಬಂದಾಗಲೆಲ್ಲ ನಮ್ಮ ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತವೆ. ಗೆದ್ದವರು ಯಾರು, ಸೋತವರು ಯಾರು ಎಂಬುದು ನಮ್ಮ ಹಳ್ಳಿಯ ಕಾಫಿ ಹೋಟೆಲಿನವರೆಗೂ ಬರುತ್ತದೆ. ಆದರೆ ಆ ಸರ್ಕಾರ ನಡೆಯುವ ಬಗೆ ಹೇಗೆ, ಅಧ್ಯಕ್ಷ ಬಯಸಿದ್ದೆಲ್ಲ ಅಲ್ಲಿ ನಡೆಯುತ್ತದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಒಂದು ರಾಜ್ಯವ್ಯವಸ್ಥೆಯನ್ನು ಅರಿಯಲು ಅದರ ಸಂವಿಧಾನವನ್ನು ಓದುವುದು ಒಂದು ದಾರಿ. ಯಾವುದಾದರೊಂದು ತಕರಾರನ್ನು ಹಿಡಿದು, ಅದು ಯಾವ ಯಾವ ಕಚೇರಿಯ ಮೆಟ್ಟಿಲು ಹತ್ತಿ ಇಳಿಯಿತೆಂದು ನೋಡುವುದು ಇನ್ನೊಂದು. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಯವರಿಗೆ ಈ ಎರಡನೆಯ ದಾರಿಯೇ ಸುಲಭ. ಏಕೆಂದರೆ ಅವರ ಆನೆಯ ತಕರಾರಿಗೆ ಸರಿಜೋಡಿಯಾದದ್ದು ಅಮೆರಿಕದ ಪಶ್ಚಿಮ ರಾಜ್ಯಗಳ ತೋಳದ ತಕರಾರು.

ಮೊದಲು ನಮ್ಮ ಕಡೆಯದನ್ನು ನೋಡೋಣ. ಹೇಮಾವತಿ ಜಲಾಶಯದ ಹಿನ್ನೀರಿನಿಂದ ಬಿಸಿಲೆಯ ಘಟ್ಟದವರೆಗೆ ಕಾಫಿ ತೋಟ, ಗದ್ದೆ ಬಯಲು, ತುಂಡು ತುಂಡಾದ ಕಾಡು ಒಂದರೊಳಗೊಂದು ಹೆಣೆದುಕೊಂಡಿವೆ. ಈ ನಡುವೆಯೇ ಆನೆಗಳು ಬದುಕುತ್ತಿವೆ. ಬೆಳಗ್ಗೆ ತೋಟಕ್ಕೆ ಹೊರಟ ಕೂಲಿಯಾಳು ಸಂಜೆ ಮನೆಗೆ ಬಂದಾನೆಯೇ ಎಂಬ ಆತಂಕ ಇಲ್ಲಿ ಮಾತಿನ ಅಲಂಕಾರವಲ್ಲ. ಸಾವು ಸಂಭವಿಸಿದಾಗ ಜನ ರಸ್ತೆ ತಡೆಯುತ್ತಾರೆ, ತಾಲ್ಲೂಕು ಕಚೇರಿಯ ಮುಂದೆ ಕೂರುತ್ತಾರೆ. ಆದರೆ ಆನೆ ಹಿಡಿಯಲು ಆದೇಶ ಕೊಡುವ ಅಧಿಕಾರ ತಹಶೀಲ್ದಾರರಿಗೆ ಇಲ್ಲ. ಶಾಸಕರಿಗೂ ಇಲ್ಲ, ಜಿಲ್ಲಾಧಿಕಾರಿಗೂ ಇಲ್ಲ. ಹಾಗಾದರೆ ಅದು ಯಾರ ಕೈಯಲ್ಲಿದೆ?

ಕಾಡು ಮತ್ತು ವನ್ಯಜೀವಿ ನಮ್ಮ ಸಂವಿಧಾನದಲ್ಲಿ ಮೊದಲು ರಾಜ್ಯಪಟ್ಟಿಯಲ್ಲಿದ್ದವು. 1976ರ 42ನೇ ತಿದ್ದುಪಡಿ ಅವನ್ನು ಸಮವರ್ತಿ ಪಟ್ಟಿಗೆ ಸೇರಿಸಿತು. ಎಂದರೆ ಸಂಸತ್ತೂ ವಿಧಾನಮಂಡಲವೂ ಕಾನೂನು ಮಾಡಬಹುದು; ಎರಡರ ನಡುವೆ ಘರ್ಷಣೆ ಬಂದರೆ ಸಾಮಾನ್ಯವಾಗಿ ಸಂಸತ್ತಿನ ಮಾತೇ ಮೇಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಆನೆ ಇದೆ. ಅಂಥ ಪ್ರಾಣಿ ಮನುಷ್ಯನ ಜೀವಕ್ಕೆ ಅಪಾಯಕಾರಿ ಎಂದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾದರೆ, ಅವರು ಕಾರಣಗಳನ್ನು ಬರೆದು, ಹಿಡಿಯಲು ಅನುಮತಿ ಕೊಡಬಹುದು. ಬೆಳೆ ಹಾಳಾಯಿತು ಎಂಬುದೊಂದೇ ಸಾಲದು. ವೈಜ್ಞಾನಿಕ ನಿರ್ವಹಣೆಗಾಗಿ ಸ್ಥಳಾಂತರಿಸುವಂಥ ಉದ್ದೇಶವಾದರೆ ಕೇಂದ್ರದ ಪೂರ್ವಾನುಮತಿ ಬೇಕು. ಕಾನೂನು ದೆಹಲಿಯದು, ಸಹಿ ಬೆಂಗಳೂರಿನದು, ಓಡಾಟ ಹಾಸನದ ಅರಣ್ಯ ಸಿಬ್ಬಂದಿಯದು.

ಅಷ್ಟಕ್ಕೇ ಮುಗಿಯಲಿಲ್ಲ. ಆನೆಗಳ ಕುರಿತು 2008ರಲ್ಲಿ ದಾಖಲಾದ ಸಾರ್ವಜನಿಕ ಹಿತಾಸಕ್ತಿ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು ಒಂದು ತಜ್ಞರ ಕಾರ್ಯಪಡೆ ರಚನೆಯಾಗುವಂತೆ ಮಾಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅದರ ಅಧ್ಯಕ್ಷರು. 2012ರಲ್ಲಿ ಬಂದ ಅದರ ವರದಿ ರಾಜ್ಯವನ್ನು ಆನೆ ಸಂರಕ್ಷಣೆಯ ವಲಯ, ಸಹಬಾಳ್ವೆಯ ವಲಯ, ಆನೆಗಳನ್ನು ತೆರವು ಮಾಡಬೇಕಾದ ವಲಯ ಎಂದು ವಿಂಗಡಿಸಿತು. ಆಲೂರು ಸುತ್ತಿನ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಹೇಳಿತು. ಅದರಂತೆ 2014ರಲ್ಲಿ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿಯಲಾಯಿತು. ಆದರೆ ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಹೀಗೆ ಶಾಸಕಾಂಗದ ಕಾಯ್ದೆ, ಕಾರ್ಯಾಂಗದ ಅನುಮತಿ, ನ್ಯಾಯಾಂಗದ ನಿರ್ದೇಶನ ಮೂರೂ ಆಲೂರಿನ ಗದ್ದೆಬಯಲಿನಲ್ಲಿ ಕೂಡಿದ್ದವು.

ಈಗ ಅಮೆರಿಕಕ್ಕೆ ಹೋಗೋಣ.

ಮೂರು ಕೋಣೆಗಳ ಮನೆ

ಅಮೆರಿಕದ ಸಂವಿಧಾನ 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸಿದ್ಧವಾಯಿತು. ಬ್ರಿಟಿಷ್ ದೊರೆಯ ವಿರುದ್ಧ ಹೋರಾಡಿ ಬಂದವರಿಗೆ ಒಬ್ಬರ ಕೈಯಲ್ಲಿ ಅಧಿಕಾರ ಸೇರುವ ಭಯವಿತ್ತು. ಆದ್ದರಿಂದ ಅದನ್ನು ಮೂರು ಭಾಗ ಮಾಡಿದರು. ಕಾನೂನು ಮಾಡುವುದು ಕಾಂಗ್ರೆಸ್. ಇದು ನಮ್ಮಲ್ಲಿಯಂತೆ ಪಕ್ಷದ ಹೆಸರಲ್ಲ, ಅವರ ಸಂಸತ್ತಿನ ಹೆಸರು. ಜಾರಿಗೆ ತರುವವರು ಅಧ್ಯಕ್ಷರು. ವ್ಯಾಖ್ಯಾನಿಸುವುದು ನ್ಯಾಯಾಲಯ.

ನಮಗೂ ಅವರಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿಯೇ ಇದೆ. ನಮ್ಮ ಪ್ರಧಾನಿಯೂ ಮುಖ್ಯಮಂತ್ರಿಯೂ ಸದನದ ಸದಸ್ಯರು. ಸದನದ ಬಹುಮತ ಹೋದರೆ ಕುರ್ಚಿಯೂ ಹೋಗುತ್ತದೆ. ಅಮೆರಿಕದ ಅಧ್ಯಕ್ಷರು ಕಾಂಗ್ರೆಸ್ಸಿನ ಸದಸ್ಯರಲ್ಲ, ಅವರ ಕಾರ್ಯದರ್ಶಿಗಳೂ ಅಲ್ಲ. ಅವರನ್ನು ಆರಿಸುವ ಚುನಾವಣೆಯೇ ಬೇರೆ. ಕಾಂಗ್ರೆಸ್ಸಿನಲ್ಲಿ ವಿರೋಧ ಪಕ್ಷದ ಬಹುಮತವಿದ್ದರೂ ಅವರ 4 ವರ್ಷದ ಅವಧಿ ಮುಂದುವರಿಯುತ್ತದೆ. ಪ್ರತಿಯಾಗಿ, ಕಾಂಗ್ರೆಸ್ಸನ್ನು ವಿಸರ್ಜಿಸುವ ಅಧಿಕಾರ ಅಧ್ಯಕ್ಷರಿಗಿಲ್ಲ. ಮಸೂದೆಯನ್ನು ಅವರು ತಿರಸ್ಕರಿಸಬಹುದು. ಎರಡೂ ಸದನಗಳು ಮೂರನೇ ಎರಡರಷ್ಟು ಮತದಿಂದ ಆ ತಿರಸ್ಕಾರವನ್ನು ತಳ್ಳಿಹಾಕಬಹುದು. ಒಬ್ಬರಿಗೊಬ್ಬರು ಲಗಾಮು.

ಕಾಂಗ್ರೆಸ್ಸಿಗೆ ಎರಡು ಸದನ. ಜನಪ್ರತಿನಿಧಿ ಸಭೆಯ 435 ಸ್ಥಾನಗಳು ಜನಸಂಖ್ಯೆಗೆ ಅನುಗುಣವಾಗಿ ಹಂಚಿಕೆಯಾಗುತ್ತವೆ. ಅವಧಿ 2 ವರ್ಷ. ಸೆನೆಟ್ಟಿನಲ್ಲಿ 100 ಸ್ಥಾನ. ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ ತಲಾ ಇಬ್ಬರು, ಅವಧಿ 6 ವರ್ಷ. ವಯೋಮಿಂಗ್ ರಾಜ್ಯದ ಜನಸಂಖ್ಯೆ 2020ರ ಗಣತಿಯಲ್ಲಿ 6 ಲಕ್ಷಕ್ಕೂ ಕಡಿಮೆ. 2011ರ ಗಣತಿಯಲ್ಲಿ ನಮ್ಮ ಹಾಸನ ಜಿಲ್ಲೆಯದು 17 ಲಕ್ಷಕ್ಕೂ ಹೆಚ್ಚು. ಹಾಸನದ ಮೂರನೇ ಒಂದರಷ್ಟು ಜನರಿರುವ ಆ ರಾಜ್ಯಕ್ಕೂ ಸುಮಾರು 4 ಕೋಟಿ ಜನರಿರುವ ಕ್ಯಾಲಿಫೋರ್ನಿಯಕ್ಕೂ ಸೆನೆಟ್ಟಿನಲ್ಲಿ ಸಮಾನ ಸ್ಥಾನ! ನಮ್ಮ ರಾಜ್ಯಸಭೆಯಲ್ಲಾದರೋ ಕರ್ನಾಟಕಕ್ಕೆ 12, ಸಿಕ್ಕಿಮಿಗೆ 1. ದನ ಕುರಿ ಸಾಕುವ, ಜನ ವಿರಳವಾಗಿರುವ ರಾಜ್ಯಗಳ ಮಾತಿಗೆ ವಾಷಿಂಗ್ಟನ್ನಿನಲ್ಲಿ ತೂಕ ಬರುವುದು ಹೀಗೆ.

ತೋಳ ಹತ್ತಿದ ಮೆಟ್ಟಿಲುಗಳು

ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಹೆಚ್ಚಿನ ಭಾಗ ವಯೋಮಿಂಗ್ ರಾಜ್ಯದಲ್ಲಿದೆ. ಅಲ್ಲಿಯ ತೋಳಗಳನ್ನು 1926ರ ಹೊತ್ತಿಗೆ ಸರ್ಕಾರಿ ಸಿಬ್ಬಂದಿಯೇ ಕೊಂದು ಮುಗಿಸಿದ್ದರು. ಅಮೆರಿಕದಲ್ಲಿ ವನ್ಯಜೀವಿ ಸಾಂಪ್ರದಾಯಿಕವಾಗಿ ರಾಜ್ಯಗಳ ವಿಷಯ. ಸಂವಿಧಾನ ಕೇಂದ್ರಕ್ಕೆ ಕೊಡದೆ ಉಳಿದ ಅಧಿಕಾರಗಳೆಲ್ಲ ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದವು ಎನ್ನುತ್ತದೆ 10ನೇ ತಿದ್ದುಪಡಿ. ನಮ್ಮಲ್ಲಿ ಇದಕ್ಕೆ ವಿರುದ್ಧ. ಉಳಿಕೆ ಅಧಿಕಾರ ಕೇಂದ್ರದ್ದು. ಆದರೂ 1973ರಲ್ಲಿ ಕಾಂಗ್ರೆಸ್ ಅಳಿವಿನಂಚಿನ ಜೀವಿಗಳ ಕಾಯ್ದೆಯನ್ನು ಮಾಡಿತು, ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ತೋಳ ಆ ಪಟ್ಟಿಗೆ ಸೇರುತ್ತಲೇ ರಾಜ್ಯಗಳ ಕೈ ಕಟ್ಟಿತು.

1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಯೆಲ್ಲೋಸ್ಟೋನಿನಲ್ಲಿ ಬಿಡಲಾಯಿತು. ಅದಕ್ಕೆ ಮೊದಲು ಸಭೆ ನಡೆಸಿ, ಕರಡು ಪ್ರಕಟಿಸಿ, ಜನರಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಅಭಿಪ್ರಾಯಗಳನ್ನು ಪಡೆಯಲಾಗಿತ್ತು. ಪಶುಪಾಲಕರಿಗೆ ಸಮಾಧಾನವಾಗಲಿಲ್ಲ. ಅವರ ಪರ ಸಂಘ ನ್ಯಾಯಾಲಯಕ್ಕೆ ಹೋಯಿತು. 1997ರಲ್ಲಿ ವಯೋಮಿಂಗಿನ ಕೇಂದ್ರೀಯ ನ್ಯಾಯಾಧೀಶರು ತೋಳಗಳನ್ನು ತೆಗೆಯಬೇಕೆಂದು ತೀರ್ಪು ಕೊಟ್ಟು, ಮೇಲ್ಮನವಿ ಮುಗಿಯುವವರೆಗೆ ಅದಕ್ಕೆ ತಡೆಯನ್ನೂ ಕೊಟ್ಟರು. 2000ದಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು.

ತೋಳಗಳು ಹೆಚ್ಚಿದವು. 2009ರಲ್ಲಿ ಅಧ್ಯಕ್ಷರ ಕೈಕೆಳಗಿನ ಇಲಾಖೆ ಮೊಂಟಾನ, ಐಡಾಹೋ ರಾಜ್ಯಗಳ ತೋಳಗಳನ್ನು ಪಟ್ಟಿಯಿಂದ ತೆಗೆದು, ವಯೋಮಿಂಗಿನವನ್ನು ಮಾತ್ರ ಉಳಿಸಿಕೊಂಡಿತು. ಪರಿಸರ ಸಂಘಟನೆಗಳು ದಾವೆ ಹೂಡಿದವು. ಒಂದೇ ಹಿಂಡಿನ ಜೀವಿಗೆ ರಾಜ್ಯದ ಗಡಿ ನೋಡಿ ರಕ್ಷಣೆ ಕೊಡುವುದು, ಕಸಿಯುವುದು ಕಾಯ್ದೆಗೆ ಒಪ್ಪದು ಎಂದು 2010ರಲ್ಲಿ ಮೊಂಟಾನದ ನ್ಯಾಯಾಧೀಶರು ತೀರ್ಪಿತ್ತರು. ತೋಳ ಮತ್ತೆ ಪಟ್ಟಿಗೆ ಬಂತು.

ಇಲ್ಲಿಂದ ಮುಂದೆ ಅಪ್ಪಟ ರಾಜಕೀಯ. ಮೊಂಟಾನದ ಆಗಿನ ಸೆನೆಟರ್ ಜಾನ್ ಟೆಸ್ಟರ್ ಡೆಮಾಕ್ರಟಿಕ್ ಪಕ್ಷದವರು. 2012ರಲ್ಲಿ ಅವರ ಸ್ಥಾನಕ್ಕೆ ಬಿರುಸಿನ ಚುನಾವಣೆ ಕಾದಿತ್ತು. ಐಡಾಹೋದ ಪ್ರತಿನಿಧಿ ಮೈಕ್ ಸಿಂಪ್ಸನ್ ರಿಪಬ್ಲಿಕನ್. ಪಕ್ಷ ಬೇರೆಯಾದರೂ ಇಬ್ಬರ ಮತದಾರರೂ ತೋಳದ ಬಾಧೆಯವರೇ. 2011ರ ಏಪ್ರಿಲಿನಲ್ಲಿ ಹಣವಿಲ್ಲದೆ ಕೇಂದ್ರ ಸರ್ಕಾರದ ಕಚೇರಿಗಳೇ ಮುಚ್ಚುವ ಪರಿಸ್ಥಿತಿ ಬಂದಾಗ, ತರಾತುರಿಯಲ್ಲಿ ಸಿದ್ಧವಾದ ಆಯವ್ಯಯ ಮಸೂದೆಯಲ್ಲಿ ಇವರಿಬ್ಬರ ಪ್ರಯತ್ನದಿಂದ ತೋಳದ ಬಗ್ಗೆ ಒಂದು ಪುಟ್ಟ ಕಲಮು ಸೇರಿತು. ಇಲಾಖೆಯ 2009ರ ಆದೇಶವನ್ನೇ ಮತ್ತೆ ಜಾರಿಗೆ ತರಬೇಕು, ಅದನ್ನು ನ್ಯಾಯಾಲಯ ಪರಿಶೀಲಿಸುವಂತಿಲ್ಲ ಎಂಬುದು ಅದರ ಸಾರಾಂಶ.

ಅಮೆರಿಕದ ಅಧ್ಯಕ್ಷರು ಮಸೂದೆಯನ್ನು ಇಡಿಯಾಗಿ ಒಪ್ಪಬೇಕು ಇಲ್ಲವೆ ಇಡಿಯಾಗಿ ತಳ್ಳಬೇಕು. ಆಯ್ದ ಬಾಬುಗಳನ್ನು ಹೊಡೆದುಹಾಕುವ ಅಧಿಕಾರ ಅವರಿಗಿಲ್ಲವೆಂದು ಸುಪ್ರೀಂ ಕೋರ್ಟು 1998ರಲ್ಲೇ ತೀರ್ಮಾನಿಸಿದೆ. ಸರ್ಕಾರ ನಿಲ್ಲಬಾರದಲ್ಲ! ಅಧ್ಯಕ್ಷ ಒಬಾಮಾ ಸಹಿ ಹಾಕಿದರು. ಎರಡು ರಾಜ್ಯಗಳ ತೋಳ ಕಾಂಗ್ರೆಸ್ಸಿನ ಆದೇಶದಿಂದಲೇ ಪಟ್ಟಿಯಿಂದ ಹೊರಬಿತ್ತು. ಪ್ರಶ್ನಿಸಿದವರ ಮೇಲ್ಮನವಿ 2012ರಲ್ಲಿ ಬಿದ್ದುಹೋಯಿತು.

ಟೆಸ್ಟರ್ ಮತ್ತು ಸಿಂಪ್ಸನ್ ಹೀಗೆ ಪಕ್ಷ ಮೀರಿ ಕೈಜೋಡಿಸಬಲ್ಲರು ಎಂಬುದನ್ನು ಗಮನಿಸಬೇಕು. ಅಲ್ಲಿ ಪಕ್ಷದ ಆದೇಶ ಮುರಿದ ಮಾತ್ರಕ್ಕೆ ಸದಸ್ಯತ್ವ ಹೋಗುವುದಿಲ್ಲ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ, ವಿಪ್ ಮೀರಿ ಮತ ಹಾಕಿದ ಸಂಸದರೂ ಶಾಸಕರೂ ಸ್ಥಾನ ಕಳೆದುಕೊಳ್ಳಬಹುದು. ಕೊಳ್ಳುವ ಕೊಡುವ ರಾಜಕೀಯಕ್ಕೆ ಅದು ತಡೆ, ನಿಜ. ಆದರೆ ಬೇರೆ ಬೇರೆ ಪಕ್ಷದ ಮಲೆನಾಡಿನ ಪ್ರತಿನಿಧಿಗಳು ಆನೆಯ ವಿಷಯಕ್ಕೆ ಒಟ್ಟಾಗಿ ಮತ ಹಾಕಿ ಸರ್ಕಾರದ ಕೈ ತಿರುಚುವುದು ಅದರಿಂದ ಕಷ್ಟವಾಗಿದೆ. ಸಕಲೇಶಪುರ ಕ್ಷೇತ್ರದ ಶಾಸಕರು ಯಾವ ಪಕ್ಷದವರೇ ಆಗಿರಲಿ, ಸದನದಲ್ಲಿ ಪ್ರಶ್ನೆ ಕೇಳಬಹುದು, ಧರಣಿ ಮಾಡಬಹುದು, ಮಂತ್ರಿಯನ್ನು ಕಾಣಬಹುದು. ಟೆಸ್ಟರ್ ಮಾಡಿದ್ದನ್ನು ಮಾಡಲಾರರು.

ಪಟ್ಟಣದ ಮತ, ಹಳ್ಳಿಯ ಹೊರೆ

ಅಮೆರಿಕದ ಕೆಲವು ರಾಜ್ಯಗಳಲ್ಲಿ ಇನ್ನೂ ಒಂದು ಬಾಗಿಲಿದೆ. ಸಾಕಷ್ಟು ಸಹಿ ಸಂಗ್ರಹಿಸಿದರೆ ಒಂದು ಪ್ರಸ್ತಾಪವನ್ನು ನೇರವಾಗಿ ಮತದಾರರ ಮುಂದಿಡಬಹುದು. 2020ರ ನವೆಂಬರಿನಲ್ಲಿ ಕೊಲೊರಾಡೋ ರಾಜ್ಯದ ಜನ ತೋಳವನ್ನು ಮರಳಿ ತರಬೇಕೆಂಬ ಪ್ರಸ್ತಾಪಕ್ಕೆ ಶೇಕಡಾ 51ರಷ್ಟು ಮತದಿಂದ ಒಪ್ಪಿಗೆ ಕೊಟ್ಟರು. ಡೆನ್ವರ್, ಬೋಲ್ಡರ್ ನಗರಗಳ ಮತ ಅದರ ಪರ. ತೋಳ ಬಂದು ಸೇರಬೇಕಾದ ಪಶ್ಚಿಮದ ದನಗಾಹಿ ಪ್ರದೇಶದ ಹೆಚ್ಚಿನ ಮತ ವಿರುದ್ಧ. 2023ರ ಡಿಸೆಂಬರಿನಲ್ಲಿ ಹಾಗೆ ತಂದ ಮೊದಲ ತೋಳಗಳು ಅಲ್ಲಿ ಕಾಲಿಟ್ಟವು.

ಅದೇ ಡಿಸೆಂಬರಿನ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಎಂಟು ಬಾರಿ ದಸರಾ ಅಂಬಾರಿ ಹೊತ್ತ ಅರ್ಜುನ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಲಗದೊಡನೆ ಸೆಣಸಿ ಪ್ರಾಣ ಬಿಟ್ಟ. ನಾಡಿಗೆ ನಾಡೇ ಮರುಗಿತು. ಅದಕ್ಕೆ ಮೂರು ತಿಂಗಳ ಹಿಂದೆ, ಆಗಸ್ಟಿನಲ್ಲಿ, ಆಲೂರು ತಾಲ್ಲೂಕಿನಲ್ಲಿ ಆನೆಗೆ ಅರಿವಳಿಕೆ ಮದ್ದು ಹಾರಿಸುವ ಅನುಭವಿ ಸಿಬ್ಬಂದಿಯೊಬ್ಬರು ಆನೆಯ ದಾಳಿಗೆ ಬಲಿಯಾಗಿದ್ದರು. ಅವರ ಸಾವು ಅಷ್ಟು ದೂರ ಕೇಳಿಸಲಿಲ್ಲ. ಕಾಡುಪ್ರಾಣಿಯನ್ನು ದೂರದಿಂದ ಪ್ರೀತಿಸುವವರು ಹೆಚ್ಚು, ಅದರ ಜೊತೆ ಬದುಕುವವರು ಕಡಿಮೆ. ಬಹುಮತದ ಲೆಕ್ಕದಲ್ಲಿ ಎರಡನೆಯವರು ಯಾವಾಗಲೂ ಸೋಲುತ್ತಾರೆ. ವಯೋಮಿಂಗಿಗೂ ಇಬ್ಬರು ಸೆನೆಟರುಗಳನ್ನು ಕೊಟ್ಟ ಸಂವಿಧಾನ ಈ ಸೋಲಿಗೆ ಒಂದು ಮದ್ದು ಹುಡುಕಿತು. ಆ ಮದ್ದಿಗೂ ದೋಷವಿದೆ: ಕ್ಯಾಲಿಫೋರ್ನಿಯದ ಒಬ್ಬ ಮತದಾರನ ಮಾತಿಗೆ ಅಲ್ಲಿ ಬೆಲೆ ತಗ್ಗುತ್ತದೆ.

ನಮ್ಮ ಮದ್ದು ಬೇರೆ. ಕಡಿಮೆ ಜನರ ಕಷ್ಟಕ್ಕೆ ಸಂಖ್ಯೆಯ ಬಲವಿಲ್ಲದಾಗ ಆಡಳಿತವೂ ನ್ಯಾಯಾಲಯವೂ ಕಿವಿಗೊಡಬೇಕೆಂಬುದು ನಮ್ಮ ನಿರೀಕ್ಷೆ. 2022ರ ಕೊನೆಯಲ್ಲಿ ಪ್ರತಿಭಟನೆಗಳು ಕಾವೇರಿದಾಗ ರಾಜ್ಯ ಸರ್ಕಾರ ಹಾಸನವೂ ಸೇರಿ ನಾಲ್ಕು ಜಿಲ್ಲೆಗಳಿಗೆ ಪ್ರತ್ಯೇಕ ಆನೆ ಕಾರ್ಯಪಡೆಗಳನ್ನು ಕೊಟ್ಟಿತು. ವನ್ಯಜೀವಿ ದಾಳಿಯಿಂದಾದ ಸಾವಿಗೆ ಪರಿಹಾರವನ್ನು 7.5 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಿತು. ಇದಕ್ಕೆ ಹೊಸ ಕಾಯ್ದೆ ಬೇಕಾಗಲಿಲ್ಲ, ಕಾರ್ಯಾಂಗದ ತೀರ್ಮಾನ ಸಾಕಾಯಿತು. ಆದರೆ ಬೆಳೆಹಾನಿಯೊಂದೇ ಕಾರಣವಾಗಿ ಆನೆ ಹಿಡಿಯಬೇಕೆಂದರೆ ಕಾಯ್ದೆಯೇ ಬದಲಾಗಬೇಕು. ಅದರ ಬಾಗಿಲು ದೆಹಲಿಯ ಸಂಸತ್ತು.

ಅಧಿಕಾರವನ್ನು ಹಂಚಿದ್ದು ಯಾರೂ ಸರ್ವಾಧಿಕಾರಿ ಆಗದಿರಲೆಂದು. ಅಮೆರಿಕದ ಹಿರಿಯರ ಉದ್ದೇಶವೂ ಅದೇ, ನಮ್ಮ ಸಂವಿಧಾನ ರಚಿಸಿದವರ ಉದ್ದೇಶವೂ ಅದೇ. ಹಂಚಿದ ಅಧಿಕಾರಕ್ಕೆ ಒಂದು ಅಡ್ಡಪರಿಣಾಮವಿದೆ: ಪ್ರತಿಯೊಬ್ಬರೂ ಮತ್ತೊಬ್ಬರ ಕಡೆ ಬೆರಳು ತೋರಿಸಬಹುದು. ಮೊಂಟಾನದ ಪಶುಪಾಲಕ ಇದನ್ನು ಬೇಗ ಕಲಿತ. ಇಲಾಖೆ, ನ್ಯಾಯಾಲಯ, ಕಾಂಗ್ರೆಸ್ ಎಂದು ಒಂದು ಮುಚ್ಚಿದಾಗ ಇನ್ನೊಂದು ಬಾಗಿಲು ತಟ್ಟಿದ. ಆಲೂರಿನ ಬೆಳೆಗಾರನೂ ತೋಟದ ಕಾರ್ಮಿಕನೂ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಪರಿಹಾರದ ಮಾತಾದರೆ ರಾಜ್ಯ ಸರ್ಕಾರ, ಪುಂಡಾನೆಯ ಮಾತಾದರೆ ಮುಖ್ಯ ವನ್ಯಜೀವಿ ಪರಿಪಾಲಕರು, ಕಾನೂನಿನ ಮಾತಾದರೆ ಸಂಸದರು. ಮತ ಕೇಳಲು ಬಂದವರನ್ನು ಆನೆ ಹಿಡಿಸುತ್ತೀರಾ ಎಂದು ಕೇಳುವ ಬದಲು, ಈ ಮೂರರಲ್ಲಿ ನಿಮ್ಮ ಕೈಗೆಟಕುವುದು ಯಾವುದು ಎಂದು ಕೇಳಿದರೆ ಉತ್ತರ ತಪ್ಪಿಸಿಕೊಳ್ಳುವುದು ಅವರಿಗೆ ಅಷ್ಟು ಸುಲಭವಾಗದು.