ಗುಂಡು ನುಂಗಿದ ಮಣ್ಣಿನ ಗೋಡೆ

ಕೋಟೆಯೆಂದರೆ ಕಲ್ಲಿನದೇ ಆಗಿರಬೇಕೆಂಬುದು ಸಾಮಾನ್ಯ ನಂಬಿಕೆ. ಆದರೆ ಫಿರಂಗಿಗಳ ಕಾಲದಲ್ಲಿ ಕಲ್ಲಿಗಿಂತ ಮಣ್ಣೇ ಗಟ್ಟಿ ಎಂಬುದು ಹಲವು ಕಡೆ ಸಾಬೀತಾಯಿತು. ಈಸ್ಟ್ ಇಂಡಿಯಾ ಕಂಪೆನಿಯ ಸೇನೆಗೆ ಈ ಪಾಠ ಕಲಿಸಿದ್ದು ಇಂದಿನ ರಾಜಸ್ಥಾನದ ಭರತಪುರ. ಅದಕ್ಕಾಗಿ ಮೂರು ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು, ಇಲ್ಲವೇ ಗಾಯಗೊಂಡರು.

ಕಲ್ಲಿನ ಗೋಡೆಯ ದೌರ್ಬಲ್ಯ ಅದಕ್ಕೂ ಮೂರು ಶತಮಾನ ಮೊದಲೇ ಯುರೋಪಿನಲ್ಲಿ ಬಯಲಾಗಿತ್ತು. 1494ರಲ್ಲಿ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸ್ ಇಟಲಿಯ ಮೇಲೆ ದಂಡೆತ್ತಿ ಹೋದಾಗ, ಅವನ ಕಂಚಿನ ಫಿರಂಗಿಗಳು ಹಾರಿಸಿದ ಕಬ್ಬಿಣದ ಗುಂಡುಗಳಿಗೆ ಎತ್ತರದ ಹಳೆಯ ಗೋಡೆಗಳು ಕುಸಿದವು. 1500ರಲ್ಲಿ ಮುತ್ತಿಗೆಗೊಳಗಾದ ಪೀಸಾ ನಗರದ ಜನ ಹೊಸ ಉಪಾಯ ಹೂಡಿದರು. ಗೋಡೆ ಬಿರಿದ ಕಡೆ ಅದರ ಹಿಂದೆಯೇ ಕಂದಕ ತೋಡಿ, ಅಗೆದ ಮಣ್ಣನ್ನು ದಿಬ್ಬವಾಗಿ ಪೇರಿಸಿದರು. ಶತ್ರು ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ಮುಂದೆ ಯುರೋಪಿನ ಕೋಟೆಗಳು ತಗ್ಗಾದವು, ದಪ್ಪವಾದವು. ಅವುಗಳ ಒಡಲಿಗೆ ಮಣ್ಣು ತುಂಬಲಾಯಿತು.

ಇದರ ಗುಟ್ಟು ಸರಳ. ಕಲ್ಲು ಪೆಟ್ಟು ಬಿದ್ದಲ್ಲಿ ಒಡೆಯುತ್ತದೆ. ಚೂರುಗಳು ಸಿಡಿದು ಒಳಗಿನವರನ್ನೇ ಗಾಯಗೊಳಿಸುತ್ತವೆ. ಮಣ್ಣಾದರೋ ಗುಂಡಿನ ರಭಸವನ್ನು ಹೀರಿ ಅದನ್ನು ತನ್ನೊಳಗೇ ಹೂತುಕೊಳ್ಳುತ್ತದೆ. ಹಗಲು ಬಿದ್ದ ಗುಂಡಿಯನ್ನು ರಾತ್ರಿ ಬುಟ್ಟಿಗಳಲ್ಲಿ ಮಣ್ಣು ಹೊತ್ತು ಮುಚ್ಚಬಹುದು. ಕಂದಕದ ಮಣ್ಣೇ ಗೋಡೆಗೂ ಒದಗುತ್ತದೆ.

ಭರತಪುರದ ಕೋಟೆ ಹದಿನೆಂಟನೆಯ ಶತಮಾನದಲ್ಲಿ ಜಾಟರ ನಾಯಕ ಸೂರಜ್ ಮಲ್ ಕಟ್ಟಿಸಿದ್ದು. ಊರನ್ನು ಬಳಸಿದ ಭಾರಿ ಮಣ್ಣಿನ ಗೋಡೆ, ಅದರಾಚೆ ನೀರು ತುಂಬಿದ ಕಂದಕ. 1791ರ ಮಾರ್ಚ್‌ನಲ್ಲಿ ಕಂಪೆನಿಯ ಸೇನೆ ಬೆಂಗಳೂರಿನ ಕಲ್ಲುಕೋಟೆಯನ್ನು ಫಿರಂಗಿಗಳಿಂದ ಒಡೆದು ಒಳನುಗ್ಗಿತ್ತು. 1805ರಲ್ಲಿ ಲಾರ್ಡ್ ಲೇಕ್ ಭರತಪುರದಲ್ಲೂ ಅದೇ ಕ್ರಮ ಹಿಡಿದ. ಯಶವಂತರಾವ್ ಹೋಳ್ಕರನಿಗೆ ರಾಜಾ ರಣಜಿತ್ ಸಿಂಗ್ ಆಶ್ರಯ ನೀಡಿದ್ದೇ ಮುತ್ತಿಗೆಗೆ ಕಾರಣ. ಜನವರಿ 9ರಿಂದ ಫೆಬ್ರುವರಿ 21ರವರೆಗೆ ನಾಲ್ಕು ಬಾರಿ ಲಗ್ಗೆ ನಡೆದರೂ ನಾಲ್ಕೂ ವಿಫಲವಾದವು. ಕೊನೆಗೆ ಏಪ್ರಿಲ್‌ನಲ್ಲಿ ಒಪ್ಪಂದವಾಯಿತು. ಕೋಟೆ ರಾಜನ ಬಳಿಯೇ ಉಳಿಯಿತು. ಮಣ್ಣಿನ ಈ ಕೋಟೆಗೆ ಲೋಹಗಢ, ಅಂದರೆ ಕಬ್ಬಿಣದ ಕೋಟೆ, ಎಂಬ ಹೆಸರಿದೆ.

ಇಪ್ಪತ್ತು ವರ್ಷಗಳ ಬಳಿಕ, ಸಿಂಹಾಸನದ ಹಕ್ಕಿನ ಜಗಳದಲ್ಲಿ ಕಂಪೆನಿ ಮತ್ತೆ ಬಂದಿತು. ಈ ಸಲ ಲಾರ್ಡ್ ಕಾಂಬರ್‌ಮಿಯರ್ ಮೊದಲು ವಶಪಡಿಸಿಕೊಂಡದ್ದು ಕೋಟೆಯನ್ನಲ್ಲ, ಮೋತಿ ಝೀಲ್ ಕೆರೆಯ ಏರಿಯನ್ನು. ಇದರಿಂದ ಕಂದಕಕ್ಕೆ ನೀರು ಹರಿಸುವುದು ತಪ್ಪಿತು. ಆದರೂ ನೂರಕ್ಕೂ ಹೆಚ್ಚು ಫಿರಂಗಿಗಳಿಂದ ಗೋಡೆಯಲ್ಲಿ ದಾರಿಯಾಗಲಿಲ್ಲ. ಸೈನಿಕರು ನೆಲದಡಿ ಸುರಂಗ ಕೊರೆದು ಬುರುಜಿನ ಬುಡಕ್ಕೆ ಸಿಡಿಮದ್ದು ಇಟ್ಟರು. 1826ರ ಜನವರಿ 18ರಂದು ಅದನ್ನು ಸಿಡಿಸಿದಾಗ ಬುರುಜು ಮೇಲೆದ್ದು ಬಿತ್ತು. ಅದರ ಮಣ್ಣು, ಮರದ ತುಂಡುಗಳು ಬಿದ್ದು ಕಂಪೆನಿಯ ಕೆಲವು ಸೈನಿಕರೂ ಸತ್ತರು. ಅಂದೇ ಕೋಟೆ ಕೈವಶವಾಯಿತು.

ಗೆದ್ದವರು ಆ ಮಣ್ಣನ್ನು ಹಗುರವಾಗಿ ಕಾಣಲಿಲ್ಲ. ಊರು ಬಿಡುವ ಮೊದಲು ಮುಖ್ಯ ಬುರುಜುಗಳನ್ನು ತಾವೇ ಸಿಡಿಸಿ ಕೆಡವಿದರು. ಇನ್ನೊಮ್ಮೆ ಆ ಗೋಡೆಯನ್ನು ಎದುರಿಸುವುದು ಅವರಿಗೆ ಬೇಕಿರಲಿಲ್ಲ.