ಜ್ಯಾಂಗೋ ಚೌಕಟ್ಟಿನಲ್ಲಿ ಅಮೂರ್ತ ಮಾದರಿಯೂ ನಮೂನೆಯೂ

ಜಾಲತಾಣಗಳ ರಚನೆಗೆ ಒದಗುವ ಚೌಕಟ್ಟುಗಳಲ್ಲಿ ಜ್ಯಾಂಗೋ ಹೆಸರಾದುದು. ಅಮೆರಿಕದ ಕನ್ಸಾಸ್ ಸಂಸ್ಥಾನದ ಲಾರೆನ್ಸ್ ಪಟ್ಟಣದ ವೃತ್ತಪತ್ರಿಕೆಯೊಂದರ ಕಾರ್ಯಾಲಯದಲ್ಲಿ ಹುಟ್ಟಿ 2005ರಲ್ಲಿ ಸಾರ್ವಜನಿಕರ ಕೈಸೇರಿದ ಇದಕ್ಕೆ ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟನ ಹೆಸರನ್ನಿಟ್ಟರು. ಇದರಲ್ಲಿ ದತ್ತಾಂಶದ ಸ್ವರೂಪವನ್ನು ‘ಮಾದರಿ’ಯಲ್ಲಿ ಒಮ್ಮೆ ನಿರೂಪಿಸಿದರೆ, ಕೋಷ್ಟಕವನ್ನೂ ಬಳಕೆದಾರನು ತುಂಬುವ ನಮೂನೆಯನ್ನೂ ಅದರಿಂದಲೇ ಪಡೆಯಬಹುದು.

ಗ್ರಂಥಾಲಯವೊಂದನ್ನು ಊಹಿಸೋಣ. ಪುಸ್ತಕಕ್ಕೂ ನಿಯತಕಾಲಿಕಕ್ಕೂ ಪರಿಗ್ರಹಣ ಸಂಖ್ಯೆ, ಬಂದ ದಿನಾಂಕ, ಬೆಲೆ ಇವು ಸಮಾನ. ಇವನ್ನು ಎರಡೆಡೆ ಬರೆಯುವುದಕ್ಕೆ ಬದಲಾಗಿ ‘ಸಂಗ್ರಹವಸ್ತು’ ಎಂಬ ಮಾದರಿಯಲ್ಲಿ ಬರೆದು, ಅದನ್ನು ಅಮೂರ್ತವೆಂದು ಸಾರಿದರೆ ಅದಕ್ಕೆ ಕೋಷ್ಟಕವಿರುವುದಿಲ್ಲ. ಅದರ ಅಂಕಣಗಳು ಸಂತತಿಯ ಕೋಷ್ಟಕಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತವೆ.

ಹೀಗಿರುವಾಗ ಅಮೂರ್ತ ಮಾದರಿಗೇ ನಮೂನೆಯನ್ನು ಕಟ್ಟಬಹುದೇ? ಕಟ್ಟಲಾಗದು. ನಮೂನೆಯು ತೆರೆದೊಡನೆ ತನ್ನ ಮಾದರಿಯ ಒಂದು ವ್ಯಕ್ತಿಯನ್ನು ಸೃಷ್ಟಿಸಿಕೊಳ್ಳುತ್ತದೆ, ಅಮೂರ್ತಕ್ಕೆ ವ್ಯಕ್ತಿಯೆಲ್ಲಿಯದು? 2021ರ 3.2ನೆಯ ಆವೃತ್ತಿಯಿಂದೀಚೆಗೆ ಚೌಕಟ್ಟು ಅಲ್ಲಿಯೇ ದೋಷವನ್ನು ಸಾರಿ ನಿಲ್ಲುತ್ತದೆ. ಆದುದರಿಂದ ಮಾದರಿಯನ್ನು ಹೆಸರಿಸದ ಒಂದು ಮೂಲ ನಮೂನೆಯಲ್ಲಿ ಸಮಾನ ವಿಧಿಗಳನ್ನಿಟ್ಟು, ಪುಸ್ತಕದ ನಮೂನೆಯನ್ನೂ ನಿಯತಕಾಲಿಕದ ನಮೂನೆಯನ್ನೂ ಅದರಿಂದ ಹುಟ್ಟಿಸಿ, ಒಂದೊಂದಕ್ಕೂ ಅದರದರ ಮೂರ್ತ ಮಾದರಿಯನ್ನು ಸೂಚಿಸುವುದು ಯುಕ್ತ.

ಇಲ್ಲಿಯವರೆಗೆ ತೊಡಕಿಲ್ಲ. ವಿದ್ಯಾರ್ಥಿಗಳು ಎಡವುವುದು ಪರಿಶೀಲನೆಯಲ್ಲಿ. ಬಂದ ದಿನಾಂಕವು ಇಂದಿನ ದಿನವನ್ನು ಮೀರಬಾರದೆಂಬ ವಿಧಿಯನ್ನು ಅಮೂರ್ತ ಮಾದರಿಯ ‘ಕ್ಲೀನ್’ ಕ್ರಿಯೆಯಲ್ಲಿ ಬರೆದರೆ, ಎಲ್ಲ ನಮೂನೆಗಳೂ ಅದನ್ನು ಪಾಲಿಸುತ್ತವೆ. ಆದರೆ ಪುಸ್ತಕದ ಮಾದರಿಯಲ್ಲಿ ಅದೇ ಹೆಸರಿನ ಕ್ರಿಯೆಯನ್ನು ಮತ್ತೆ ಬರೆದು, ಅದರೊಳಗಿಂದ ತಾಯಿಮಾದರಿಯ ಕ್ರಿಯೆಯನ್ನು ಕರೆಯಲು ಮರೆತರೆ, ಹಳೆಯ ವಿಧಿಯು ಸದ್ದಿಲ್ಲದೆ ಲೋಪವಾಗುತ್ತದೆ. ದೋಷಸೂಚನೆಯೇನೂ ಬರದು, ತಪ್ಪು ದಿನಾಂಕಗಳು ದಾಖಲಾಗುತ್ತ ಹೋಗುತ್ತವೆ. ನಮೂನೆಯ ಮೂಲಕವಲ್ಲದೆ ನೇರವಾಗಿ ಉಳಿಸಿದ ದಾಖಲೆಗಳಿಗಂತೂ ಈ ಪರಿಶೀಲನೆ ತಾನಾಗಿ ನಡೆಯುವುದೇ ಇಲ್ಲವೆಂಬುದನ್ನೂ ನೆನಪಿಡತಕ್ಕದ್ದು.

ಇದಕ್ಕಿಂತ ಸೂಕ್ಷ್ಮವಾದುದು ಪರಿಗ್ರಹಣ ಸಂಖ್ಯೆಯ ಅನನ್ಯತೆ. ಸಂಖ್ಯೆಯು ಪುನರುಕ್ತವಾಗಬಾರದೆಂದು ಅಮೂರ್ತ ಮಾದರಿಯಲ್ಲಿ ಬರೆದವನು ಇಡೀ ಗ್ರಂಥಾಲಯಕ್ಕೇ ಕಟ್ಟು ಹಾಕಿದೆನೆಂದು ಭಾವಿಸುತ್ತಾನೆ. ವಸ್ತುತಃ ಆ ಕಟ್ಟು ಒಂದೊಂದು ಕೋಷ್ಟಕದೊಳಗೆ ಮಾತ್ರ ಸಲ್ಲುತ್ತದೆ. 1042 ಎಂಬ ಸಂಖ್ಯೆಯ ಪುಸ್ತಕವೂ ಅದೇ ಸಂಖ್ಯೆಯ ನಿಯತಕಾಲಿಕವೂ ಯಾವ ಆಕ್ಷೇಪಣೆಯೂ ಇಲ್ಲದೆ ಒಳಗೆ ಬರುತ್ತವೆ. ಎರಡೂ ನಮೂನೆಗಳು ತಮ್ಮ ಮಟ್ಟಿಗೆ ಸರಿಯೇ. ಇಂಥ ಕಡೆ ಅಮೂರ್ತ ಮಾದರಿಯನ್ನು ಬಿಟ್ಟು, ತಾಯಿಮಾದರಿಗೂ ಸ್ವಂತ ಕೋಷ್ಟಕವನ್ನು ಕೊಡುವುದೇ ಮೇಲೆಂದು ನಮ್ಮ ಅಭಿಪ್ರಾಯ. ಆಗ ಪ್ರತಿಯೊಂದು ಓದಿಗೂ ಎರಡು ಕೋಷ್ಟಕಗಳನ್ನು ಜೋಡಿಸಬೇಕಾದ ಶ್ರಮವುಂಟು, ನಿಜ. ಆದರೆ ಸಂಖ್ಯೆಗಳೆಲ್ಲ ಒಂದೇ ಕಡೆ ಇರುವುದರಿಂದ ದತ್ತಸಂಚಯವೇ ಎರಡನೆಯ 1042ನ್ನು ನಿರಾಕರಿಸುತ್ತದೆ.