ತಿಳಿಯದ ನುಡಿಯ ಹಾಡು: ಜಪಾನಿನ ಜನಪ್ರಿಯ ಗೀತೆಗಳನ್ನು ಕೇಳುವ ಬಗೆ

ಹಾಡಿಗೆ ಭಾಷೆಯ ಹಂಗಿಲ್ಲವೆಂದು ಹೇಳುವುದು ವಾಡಿಕೆ. ಹೈಸ್ಕೂಲಿನಲ್ಲಿ 30 ವರ್ಷ ವ್ಯಾಕರಣ, ಛಂದಸ್ಸುಗಳನ್ನು ಕಲಿಸಿದ ನಾನು ಈ ಮಾತನ್ನು ಎಂದೂ ಪೂರ್ತಿ ಒಪ್ಪಿದವನಲ್ಲ. ಮಾತು ತಿಳಿಯದೆ ಹಾಡು ಕೇಳುವುದೆಂದರೆ ಕಿಟಕಿಯ ಹೊರಗೆ ನಿಂತು ಮದುವೆಮನೆಯ ಊಟವನ್ನು ನೋಡಿದಂತೆ ಎಂದು ಹುಡುಗರಿಗೆ ಹೇಳುತ್ತಲೇ ಬಂದವನು.

ಕೆಲವು ವರ್ಷಗಳ ಹಿಂದೆ ನನ್ನ ಶಿಷ್ಯನೊಬ್ಬ ಕೆಲಸದ ಮೇಲೆ ಜಪಾನಿಗೆ ಹೊರಟ. ಹೊರಡುವ ಮುನ್ನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. “ಆ ದೇಶದ ಹಾಡೊಂದನ್ನು ಕೇಳಿಸಪ್ಪ” ಎಂದೆ. ಅವನು ಒಂದು ಹಾಡನ್ನು ಹಾಕಿದ. ನಡಿಗೆಗೆ ಒಪ್ಪುವ ಲಯ, ಎಳೆಯ ಗಂಡುದನಿ, ಕೊನೆಯ ಕಡೆಗೆ ಹಾಡುಗಾರ ಸೊಗಸಾಗಿ ಸಿಳ್ಳೆ ಹಾಕುತ್ತಾನೆ. ನಾನು ತೊಡೆಯ ಮೇಲೆ ತಾಳ ಹಾಕುತ್ತ, “ಎಂಥ ಉಲ್ಲಾಸದ ಹಾಡಯ್ಯ! ಪ್ರಯಾಣ ಹೊರಟವನಿಗೆ ತಕ್ಕದ್ದೇ ಸರಿ” ಎಂದೆ. “ಹೌದು ಸಾರ್” ಎಂದವನು ತಲೆಯೆತ್ತಿ ಮನೆಯ ತೊಲೆಗಳನ್ನು ನೋಡುತ್ತ ಕುಳಿತ.

ಆ ಹಾಡಿನ ಹೆಸರು ‘ಉಯೆ ಒ ಮುಯಿತೆ ಅರುಕೋ’. ರೊಕುಸುಕೆ ಎಯ್ ಅವರ ರಚನೆಗೆ ಹಚಿದಾಯ್ ನಕಮುರಾ ಅವರು ಮಟ್ಟು ಹಾಕಿದರು. ಕ್ಯೂ ಸಕಾಮೊಟೊ ಎಂಬ ತರುಣ ಹಾಡಿದ. 1961ರಲ್ಲಿ ಜಪಾನಿನಲ್ಲಿ ಧ್ವನಿಮುದ್ರಿಕೆ ಹೊರಬಂದಿತು. ಅಲ್ಲಿಂದ ಎರಡು ವರ್ಷಕ್ಕೆ, 1963ರ ಜೂನ್ ತಿಂಗಳಲ್ಲಿ, ಒಂದು ಮಾತೂ ಬದಲಾಗದೆ, ಜಪಾನೀ ನುಡಿಯಲ್ಲಿಯೇ ಅದು ಅಮೆರಿಕದ ಹಾಡುಗಳ ಪಟ್ಟಿಯಲ್ಲಿ 3 ವಾರ ಮೊದಲನೆಯ ಸ್ಥಾನದಲ್ಲಿತ್ತು. ಬದಲಾದದ್ದು ಹೆಸರು ಮಾತ್ರ. ಮೂಲದ ಹೆಸರು ನಾಲಗೆಗೆ ತೊಡಕೆಂದು ಪಶ್ಚಿಮದ ವ್ಯಾಪಾರಿಗಳು ಅದಕ್ಕೆ ‘ಸುಕಿಯಾಕಿ’ ಎಂದು ನಾಮಕರಣ ಮಾಡಿದರು. ಸುಕಿಯಾಕಿ ಎಂಬುದು ಬಾಣಲೆಯಲ್ಲಿ ಮಾಂಸ ತರಕಾರಿಗಳನ್ನು ಬೇಯಿಸಿ ಮಾಡುವ ಒಂದು ಅಡುಗೆ. ಹಾಡಿನಲ್ಲಿ ಅದರ ಸುಳಿವೇ ಇಲ್ಲ. ನಮ್ಮ ಒಂದು ವಿರಹಗೀತೆಯನ್ನು ಯಾರೋ ‘ಬಿಸಿಬೇಳೆ ಹುಳಿಯನ್ನ’ ಎಂಬ ಹೆಸರಿನಿಂದ ಮಾರಿದರೆ ನಮಗೆ ಹೇಗನ್ನಿಸೀತು!

ಆದರೆ ನಗುವ ಮೊದಲು ನನ್ನ ಬೆನ್ನನ್ನು ನಾನು ನೋಡಿಕೊಳ್ಳಬೇಕಾಯಿತು. ಮುಂದೊಮ್ಮೆ ಆ ಹಾಡಿನ ಅರ್ಥವನ್ನು ಬರೆದು ಕಳುಹಿಸೆಂದು ಶಿಷ್ಯನನ್ನು ಕೇಳಿದೆ. ಒಂಟಿಯಾಗಿ ರಾತ್ರಿಯಲ್ಲಿ ನಡೆಯುವವನೊಬ್ಬ, ಕಣ್ಣೀರು ಕೆಳಗೆ ಬೀಳದಿರಲೆಂದು ಮುಖವನ್ನು ಮೇಲೆತ್ತಿಕೊಂಡು ಹೋಗುವ ಹಾಡು ಅದು. 1960ರಲ್ಲಿ ಅಮೆರಿಕದೊಡನೆ ಆದ ರಕ್ಷಣಾ ಒಪ್ಪಂದವನ್ನು ವಿರೋಧಿಸಿದ ಚಳವಳಿ ಸೋತಾಗ ಕವಿಗೆ ಉಂಟಾದ ನಿರಾಶೆಯೂ ಅದರಲ್ಲಿ ಬೆರೆತಿದೆ ಎನ್ನುತ್ತಾರೆ. ನನ್ನ ಕಿವಿಗೆ ಕೇಳಿದ್ದು ಸಿಳ್ಳೆ ಮಾತ್ರ.

ಅಂದಿನಿಂದ ಈ ಹಾಡುಗಳನ್ನು ಸರಿಯಾಗಿ ಕೇಳಬೇಕೆಂಬ ಹಟ ಹುಟ್ಟಿತು. ಕೇಳುತ್ತ ಹೋದಂತೆ, ಈ ದಾರಿಯಲ್ಲಿ ಕನ್ನಡಿಗನಿಗೆ ಪಾಶ್ಚಾತ್ಯರಿಗಿಲ್ಲದ ಕೆಲವು ಅನುಕೂಲಗಳುಂಟೆಂದು ಮನವರಿಕೆಯಾಯಿತು. ಅವನ್ನು ತಮ್ಮ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲನೆಯದು ಸ್ವರದ ಅನುಕೂಲ. ಜಪಾನಿನ ಹಳೆಯ ಜನಪ್ರಿಯ ಗೀತೆಗಳಲ್ಲಿ ಐದು ಸ್ವರಗಳ ಮಟ್ಟುಗಳೇ ಹೆಚ್ಚು. ನಾಲ್ಕನೆಯ ಏಳನೆಯ ಸ್ವರಗಳನ್ನು ಬಿಟ್ಟದ್ದು ಎಂಬ ಅರ್ಥದಲ್ಲಿ ಒಂದು ಮೇಳಕ್ಕೆ ಅವರು ‘ಯೊನನುಕಿ’ ಎನ್ನುತ್ತಾರೆ. ಮಧ್ಯಮ ನಿಷಾದಗಳನ್ನು ಬಿಟ್ಟರೆ ಉಳಿಯುವುದು ಸ ರಿ ಗ ಪ ಧ, ಅಂದರೆ ನಮ್ಮ ಮೋಹನದ ಸ್ವರಗಳು. ಮೇಲೆ ಹೇಳಿದ ಹಾಡಿನ ಪಲ್ಲವಿ ಬಹುಮಟ್ಟಿಗೆ ಈ ಸ್ವರಗಳಲ್ಲಿಯೇ ನಡೆಯುತ್ತದೆ. ಅದು ನನಗೆ ಕೇಳಿದೊಡನೆ ಹತ್ತಿರವಾದುದು ಆ ಕಾರಣದಿಂದಲೇ. ದುಃಖದ ಗೀತೆಗಳಿಗೆ ಇನ್ನೊಂದು ಬಗೆಯುಂಟು: ಶಿವರಂಜನಿಯ ಧೈವತವನ್ನು ಒಂದು ಮೆಟ್ಟಿಲು ತಗ್ಗಿಸಿದರೆ ಅದರ ಸ್ವರಗಳು ದೊರೆಯುತ್ತವೆ. ದಕ್ಷಿಣದ ಓಕಿನಾವಾ ದ್ವೀಪಗಳ ಮೇಳವಂತೂ ಸ ಗ ಮ ಪ ನಿ, ನಮ್ಮ ಗಂಭೀರನಾಟವೇ. ದೇವರ ಉತ್ಸವ ಹೊರಟಾಗ ನಾಗಸ್ವರದವರು ನುಡಿಸುವ ಮಲ್ಲಾರಿಯನ್ನು ಕೇಳಿದವರು, ‘ದಿ ಬೂಮ್’ ಎಂಬ ತಂಡ 1992ರಲ್ಲಿ ಹಾಡಿದ ‘ಶಿಮಾ ಉತಾ’ ಎಂಬ ದ್ವೀಪಗೀತೆಯನ್ನು ಕೇಳಿ ನೋಡಬೇಕು. ಸ್ವರಗಳು ಹಳೆಯ ನೆಂಟರಂತೆ ಎದುರಾಗುತ್ತವೆ. ಆದರೆ ಇಲ್ಲಿ ಉತ್ಸವದ ಸಂಭ್ರಮವಿಲ್ಲ; 1945ರ ಓಕಿನಾವಾ ಯುದ್ಧದಲ್ಲಿ ಅಗಲಿದವರ ನೆನಪಿದೆ. ಸ್ವರ ಒಂದೇ ಆದರೂ ರಸ ಒಂದೇ ಆಗಬೇಕೆಂಬ ನಿಯಮವಿಲ್ಲ. ಜಪಾನೀಯರಿಗೆ ಅದು ರಾಗವೂ ಅಲ್ಲ. ಸ್ವರಗಳ ಗುಂಪು, ಅಷ್ಟೆ.

ಎರಡನೆಯದು ಕಂಠದ ಬಳಕು. ‘ಎಂಕಾ’ ಎಂಬ ಜಾತಿಯ ಗೀತೆಗಳಲ್ಲಿ ಸ್ವರವನ್ನು ಥಟ್ಟನೆ ತಿರುಚಿ ನಡುಗಿಸುವ ಒಂದು ಕ್ರಮವಿದೆ. ಅದಕ್ಕೆ ಅವರು ‘ಕೊಬುಶಿ’ ಎನ್ನುತ್ತಾರೆ. ನಮ್ಮ ಗಮಕದಷ್ಟು ವಿಸ್ತಾರ ಅದಕ್ಕಿಲ್ಲ. ಆದರೂ ಗಮಕಕ್ಕೆ ಪಳಗಿದ ಕಿವಿ ಅದನ್ನು ಬೇಗನೆ ಹಿಡಿಯುತ್ತದೆ. ಇದನ್ನು ತಿಳಿಯಲು ಹಿಬಾರಿ ಮಿಸೋರಾ ಅವರನ್ನು ಕೇಳಬೇಕು. ಯೊಕೊಹಾಮಾದ ಮೀನಿನಂಗಡಿಯವನ ಮಗಳಾಗಿ 1937ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ವೇದಿಕೆ ಹತ್ತಿ, 1989ರಲ್ಲಿ ತೀರಿಕೊಳ್ಳುವವರೆಗೂ ಹಾಡಿದ ಗಾಯಕಿ ಆಕೆ. 1966ರ ‘ಕನಶೀ ಸಕೆ’, ಎಂದರೆ ‘ದುಃಖದ ಮದ್ಯ’, ಎಂಬ ಹಾಡಿನಲ್ಲಿ ಆಕೆಯ ದನಿ ಎಲ್ಲಿ ನಡುಗಿತು, ಎಲ್ಲಿ ನಿಂತಿತು ಎಂಬುದನ್ನು ಗಮನಿಸಿದರೆ, ಅರ್ಥ ತಿಳಿಯದಿದ್ದರೂ ಅರ್ಧ ತಿಳಿದಂತೆಯೇ.

ಮೂರನೆಯದು, ನನ್ನಂಥ ಪಂಡಿತನಿಗೆ ಬಹಳ ಹಿತವಾದದ್ದು, ನುಡಿಯ ಅನುಕೂಲ. ಕನ್ನಡದಂತೆ ಜಪಾನೀ ವಾಕ್ಯದಲ್ಲಿಯೂ ಕ್ರಿಯಾಪದ ಕೊನೆಗೆ ಬರುತ್ತದೆ. ವಿಭಕ್ತಿಯ ಗುರುತು ನಾಮಪದದ ಹಿಂದೆ ಅಂಟಿಕೊಳ್ಳುತ್ತದೆ. ಮೇಲಿನ ಹಾಡಿನ ಹೆಸರನ್ನೇ ಬಿಡಿಸಿ ನೋಡಿ: ‘ಉಯೆ’ ಎಂದರೆ ಮೇಲುಗಡೆ, ‘ಒ’ ನಮ್ಮ ದ್ವಿತೀಯೆಯ ‘ಅನ್ನು’, ‘ಮುಯಿತೆ’ ಎಂದರೆ ಮುಖಮಾಡಿ, ‘ಅರುಕೋ’ ಎಂದರೆ ನಡೆಯೋಣ. ಒಂದು ಪದವನ್ನೂ ಹಿಂದುಮುಂದು ಮಾಡದೆ ಕನ್ನಡಕ್ಕೆ ಇಳಿಸಬಹುದು. ಪದಗಳ ಕೊನೆಯಲ್ಲಿ ಸ್ವರ ಬರುವ ಒಲವೂ ಎರಡು ನುಡಿಗಳಿಗೆ ಸಮಾನ. ಇಂಗ್ಲಿಷಿನ ಬಸ್ ನಮ್ಮಲ್ಲಿ ‘ಬಸ್ಸು’ ಆದಂತೆ ಅವರಲ್ಲಿ ‘ಬಸು’ ಆಯಿತು. ಇದರಿಂದ ಎರಡೂ ನುಡಿಗಳು ಒಂದೇ ಕುಲದವು ಎಂದು ತಿಳಿಯಬಾರದು. ನಡೆಯಲ್ಲಿ ಹೋಲಿಕೆಯುಂಟು ಎಂದಷ್ಟೇ ನನ್ನ ಮಾತು.

ಮಾತ್ರೆಯ ಲೆಕ್ಕವೂ ಹಾಗೆಯೇ. ಜಪಾನೀಯರು ತಮ್ಮ ದೇಶವನ್ನು ಕರೆಯುವ ‘ನಿಪ್ಪೊನ್’ ಎಂಬ ಹೆಸರಿಗೆ ಅವರ ಎಣಿಕೆಯಲ್ಲಿ 4 ಮಾತ್ರೆ: ನಿ, ಪ್, ಪೊ, ನ್. ನಮ್ಮ ಛಂದಸ್ಸಿನಲ್ಲಿ ಪ್ರಸ್ತಾರ ಹಾಕಿದರೂ ಎರಡು ಗುರು, 4 ಮಾತ್ರೆ! 7 ಮತ್ತು 5 ಮಾತ್ರೆಗಳನ್ನು ಜೋಡಿಸಿದ ಸಾಲು ಅವರ ಪ್ರಾಚೀನ ಕಾವ್ಯದಿಂದ ಎಂಕಾದವರೆಗೆ ಹರಿದುಬಂದಿದೆ. ಒಂದು ಮಾತ್ರೆಗೆ ಒಂದು ಸ್ವರ ಎಂಬುದು ಹಳೆಯ ಹಾಡುಗಳ ಸಾಮಾನ್ಯ ನಡೆ. ಬೆರಳು ಮಡಿಸುತ್ತ ಎಣಿಸಿದರೆ ಮಾತು ತಾನಾಗಿಯೇ ಬಿಡಿಬಿಡಿಯಾಗಿ ಕೇಳಿಸುತ್ತದೆ.

ರೇಡಿಯೋ ಇರುವ ಮನೆಯವರಿಗೆ ಇನ್ನೊಂದು ಮಾತು ರುಚಿಸೀತು. ಈ ಗೀತೆಗಳನ್ನು ಸಾಕಿ ಬೆಳೆಸಿದ್ದು ಬಾನುಲಿಯೇ. ಜಪಾನಿನಲ್ಲಿ ಪ್ರಸಾರ ಆರಂಭವಾದದ್ದು 1925ರಲ್ಲಿ. ಯುದ್ಧದಲ್ಲಿ ಸೋತು ಊರುಗಳು ಬೂದಿಯಾಗಿದ್ದ ಕಾಲದಲ್ಲಿ, 1946ರ ಜನವರಿಯಲ್ಲಿ, ಅವರ ಪ್ರಸಾರ ಸಂಸ್ಥೆ ಎನ್.ಎಚ್.ಕೆ. ಸಾಮಾನ್ಯ ಜನರನ್ನು ಕರೆದು ಹಾಡಿಸುವ ‘ನೊದೊ ಜಿಮಾನ್’ ಕಾರ್ಯಕ್ರಮವನ್ನು ತೊಡಗಿತು. ‘ಕಂಠದ ಹೆಮ್ಮೆ’ ಎಂದು ಅದರ ಅರ್ಥ. ಹಾಡುಗಾರ ಗೆದ್ದನೋ ಸೋತನೋ ಎಂಬುದನ್ನು ಗಂಟೆ ಬಾರಿಸಿ ತಿಳಿಸುವುದು ಅದರ ವಿನೋದ. 1951ರಲ್ಲಿ ಕೆಂಪು ಪಕ್ಷದ ಗಾಯಕಿಯರಿಗೂ ಬಿಳಿ ಪಕ್ಷದ ಗಾಯಕರಿಗೂ ಸ್ಪರ್ಧೆ ಏರ್ಪಡಿಸುವ ‘ಕೋಹಾಕು’ ರೇಡಿಯೋದಲ್ಲಿಯೇ ಹುಟ್ಟಿತು. ವರ್ಷದ ಕೊನೆಯ ರಾತ್ರಿ ಟೆಲಿವಿಷನ್ನಿನಲ್ಲಿ ಅದು ಇಂದಿಗೂ ನಡೆಯುತ್ತಿದೆ. ಅದರ ಒಂದೇ ರಾತ್ರಿಯ ಪ್ರಸಾರದಲ್ಲಿ ಹಳೆಯ ಎಂಕಾದಿಂದ ಇಂದಿನ ಹಾಡಿನವರೆಗೆ ಎಲ್ಲದರ ರುಚಿ ನೋಡಬಹುದು.

ಹೊಸ ಹಾಡುಗಳ ಮಾತೆತ್ತಿದಾಗ ಒಂದು ವಾದವನ್ನು ನೆನೆಯಬೇಕು. 1970ರ ಸುಮಾರಿಗೆ, ಪಾಶ್ಚಾತ್ಯ ರಾಕ್ ಸಂಗೀತಕ್ಕೆ ಜಪಾನೀ ನುಡಿ ಒಗ್ಗೀತೇ ಎಂದು ಅಲ್ಲಿಯ ಸಂಗೀತಗಾರರಲ್ಲಿಯೇ ವಾದವೆದ್ದಿತು. ‘ಹ್ಯಾಪಿ ಎಂಡ್’ ಎಂಬ ತಂಡ ತಮ್ಮ ನುಡಿಯಲ್ಲಿಯೇ ಹಾಡಿ, 1971ರ ‘ಕಜೆಮಚಿ ರೋಮನ್’ ಎಂಬ ಧ್ವನಿಮುದ್ರಿಕೆಯಿಂದ ಉತ್ತರ ಕೊಟ್ಟಿತು. ಆ ಬೀಜದಿಂದ ಮುಂದೆ ‘ಸಿಟಿ ಪಾಪ್’ ಎನಿಸಿಕೊಂಡ ನಗರಗೀತೆಗಳ ಬೆಳೆಯೂ ಬಂದಿತು. 1979ರಲ್ಲಿ ಮಿಕಿ ಮಾತ್ಸುಬಾರಾ ಎಂಬ ತರುಣಿ ಹಾಡಿದ ‘ಮಯೊನಕ ನೊ ದೊಆ’, ಎಂದರೆ ‘ನಡುರಾತ್ರಿಯ ಬಾಗಿಲು’, ಎಂಬ ಹಾಡು 2020ರಲ್ಲಿ ಇಂಟರ್ನೆಟ್ಟಿನ ಮೂಲಕ ಹಲವು ದೇಶಗಳ ಎಳೆಯರ ಕಿವಿಗೆ ಬಿದ್ದಿತು. ಹಾಡಿದಾಕೆ 2004ರಲ್ಲಿಯೇ ತೀರಿಕೊಂಡಿದ್ದಳು. ದೂರದ ಶ್ರೋತೃ ಎಷ್ಟು ತಡವಾಗಿ ಬಂದರೂ ಹಾಡು ಕಾದಿರುತ್ತದೆ. ಹಾಡಿದವರು ಕಾದಿರುವರೆಂದು ಹೇಳಲಾಗದು.

ಇನ್ನು ಕೇಳುವ ಕ್ರಮ. ಒಂದು ಹಾಡನ್ನು ಮೂರು ಸಲ ಕೇಳಿ. ಮೊದಲ ಸಲ ಬರಿಯ ಕಿವಿಯಿಂದ. ಸ್ವರ ಯಾವುದು, ಲಯ ಯಾವುದು ಎಂದು. ಎರಡನೆಯ ಸಲ ಮಾತ್ರೆಯನ್ನೆಣಿಸುತ್ತ, ಕೇಳಿದ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತ. ಮೂರನೆಯ ಸಲ ಅರ್ಥವನ್ನು ಪಕ್ಕದಲ್ಲಿಟ್ಟುಕೊಂಡು. ಅರ್ಥ ತಿಳಿದ ಮೇಲೆ ಹಾಡು ಬೇರೆಯಾಗಿ ಕೇಳಿಸಿದರೆ, ಮೊದಲು ಕೇಳಿದ್ದು ತಪ್ಪೆಂದು ನಾಚಬೇಕಾಗಿಲ್ಲ. ಅಲ್ಲಿಗೇ ನಿಂತಿದ್ದರೆ ಮಾತ್ರ ತಪ್ಪು.

1985ರ ಆಗಸ್ಟ್ 12ರಂದು ಜಪಾನಿನಲ್ಲಿ ನಡೆದ ವಿಮಾನ ದುರಂತದಲ್ಲಿ ಮಡಿದ 520 ಮಂದಿಯಲ್ಲಿ ಕ್ಯೂ ಸಕಾಮೊಟೊ ಒಬ್ಬರು. ಆಗ ಅವರಿಗೆ 43 ವರ್ಷ. 2011ರ ಭೂಕಂಪ, ಸುನಾಮಿಗಳ ತರುವಾಯ ಜಪಾನೀಯರು ಅವರ ಹಾಡನ್ನು ಮತ್ತೆ ಹಾಡಿಕೊಂಡು ಸಮಾಧಾನ ತಂದುಕೊಂಡರು.

ನನ್ನ ಶಿಷ್ಯ ಅಂದು ಹಾಸಿಗೆ ಹಿಡಿದ ತಾಯಿಯನ್ನು ಅಕ್ಕನ ಮನೆಯಲ್ಲಿ ಬಿಟ್ಟು ಹೊರಟಿದ್ದ. ಅವನು ಜಪಾನಿಗೆ ಹೋದ ನಾಲ್ಕು ತಿಂಗಳಿಗೆ ಆಕೆ ತೀರಿಕೊಂಡರು. ನಮ್ಮ ಮನೆಯ ತೊಲೆಗಳಲ್ಲಿ ನೋಡುವಂಥದ್ದು ಏನೂ ಇಲ್ಲ. ಅದು ನನಗೆ ಹೊಳೆದದ್ದು ಹಾಡಿನ ಅರ್ಥವನ್ನು ಓದಿದ ದಿನ.